ಸಭೆಯ ಸುತ್ತಲಿನ ಕಷ್ಟದ ಮನೆಗಳ ಜೊತೆ ನಿಲ್ಲುವುದು ಹೇಗೆ: ಸೇವಾ ತಂಡ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಒಂದು ಮಾತು ಎದ್ದೇ ಏಳುತ್ತದೆ. "ಈ ಸಲ ಬಡವರಿಗೆ ಏನಾದ್ರೂ ಮಾಡೋಣ." ಒಳ್ಳೆಯ ಮಾತೇ. ದುಡ್ಡು ಕೂಡುತ್ತದೆ, ಕಂಬಳಿ ಬರುತ್ತದೆ, ರೇಷನ್ ಕಿಟ್ ಕಟ್ಟುತ್ತಾರೆ, ಆರಾಧನೆ ಮುಗಿದ ಮೇಲೆ ಸಾಲಲ್ಲಿ ನಿಲ್ಲಿಸಿ ಹಂಚುತ್ತಾರೆ. ಜನವರಿಗೆ ಎಲ್ಲ ಸುಮ್ಮನಾಗುತ್ತದೆ. ಆದರೆ ಕೂಲಿ ಮಾಡುವ ಮನೆಗೆ ನಿಜವಾದ ಬಿಕ್ಕಟ್ಟು ಬರುವುದು ಜೂನ್, ಜುಲೈನಲ್ಲಿ. ಮಳೆ ಹಿಡಿದು ಕೆಲಸ ಇರುವುದಿಲ್ಲ, ಸ್ಕೂಲು ಶುರುವಾಗಿರುತ್ತದೆ, ಮನೆಯಲ್ಲಿ ಯಾರಿಗಾದರೂ ಜ್ವರ ಇದ್ದೇ ಇರುತ್ತದೆ. ಆಗ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ.

ವರ್ಷಪೂರ್ತಿ ಈ ಕೆಲಸ ಮಾಡಬೇಕು ಅಂದುಕೊಂಡಿರುವ ಸಭೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಎಸ್‌ಐ, ಕಥೋಲಿಕ, ಮೆಥಡಿಸ್ಟ್, ಸ್ವತಂತ್ರ ಸಭೆ, ಯಾವುದಾದರೂ ಆಗಲಿ, ಕೆಲಸದ ರೀತಿ ಒಂದೇ. ನಾನು ಹೇಳುವುದು ಕರ್ನಾಟಕದ ಒಂದು ಸಾಧಾರಣ ಊರಿನ ಲೆಕ್ಕದಲ್ಲಿ: ನೂರಿನ್ನೂರು ಕುಟುಂಬಗಳ ಸಭೆ, ಕೈಯಲ್ಲಿ ದೊಡ್ಡ ದುಡ್ಡಿಲ್ಲ, ಮನಸ್ಸಿರುವ ಎಂಟ್ಹತ್ತು ಜನ ಇದ್ದಾರೆ. ಅಷ್ಟು ಸಾಕು. ಕಿಟ್ಟುಗಳ ಸಂಖ್ಯೆ ಲೆಕ್ಕ ಹಾಕಬೇಡಿ. ಗೊತ್ತಿರುವ ಮನೆಗಳನ್ನು ಲೆಕ್ಕ ಹಾಕಿ. ಹತ್ತು ಮನೆಗಳನ್ನು ಚೆನ್ನಾಗಿ ತಿಳಿದುಕೊಂಡು ವರ್ಷವಿಡೀ ಜೊತೆಗಿದ್ದರೆ, ಇನ್ನೂರು ಕಿಟ್ ಹಂಚಿದ್ದಕ್ಕಿಂತ ಹೆಚ್ಚಿನ ಕೆಲಸ ಆಗಿರುತ್ತದೆ.

ಮೊದಲು ಜನ, ಆಮೇಲೆ ಯೋಜನೆ

ಪಾಸ್ಟರ್ ಅಥವಾ ಫಾದರ್ ಹತ್ತಿರ ಹೋಗಿ ನೇರವಾಗಿ ಕೇಳಿ. ಅವರ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ, ಆದರೆ ಎಲ್ಲವನ್ನೂ ಅವರ ತಲೆಯ ಮೇಲೇ ಹಾಕಬೇಡಿ. ಪಾಸ್ಟರ್‌ಗೆ ವರ್ಗಾವಣೆ ಆಗುತ್ತದೆ. ಕೆಲಸ ಅವರ ಹೆಗಲ ಮೇಲಿದ್ದರೆ ಅವರ ಜೊತೆಗೇ ಅದೂ ಊರು ಬಿಡುತ್ತದೆ. ಪಾಸ್ಟೊರೇಟ್ ಕಮಿಟಿಯಲ್ಲೋ ಪಾಲನಾ ಪರಿಷತ್ತಿನಲ್ಲೋ ಇದನ್ನು ಒಂದು ಸಲ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿಬಿಡಿ. ಮುಂದೆ ಯಾರಾದರೂ "ಇದನ್ನು ಯಾರು ಮಾಡೋಕೆ ಹೇಳಿದ್ದು" ಎಂದು ಕೇಳಿದಾಗ ಅದೇ ಉತ್ತರ.

ತಂಡಕ್ಕೆ ಎಂಟರಿಂದ ಹತ್ತು ಜನ ಸಾಕು. ಭಾಷಣ ಮಾಡುವವರಿಗಿಂತ ಕೂತು ಕೇಳುವ ತಾಳ್ಮೆ ಇರುವವರನ್ನು ಹುಡುಕಿ. ನಿವೃತ್ತ ನರ್ಸ್, ಟೀಚರ್, ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಆಟೊ ಓಡಿಸುವವರು, ಇವರೆಲ್ಲ ಬಂಗಾರದಂಥ ಜನ. ಯೌವನಸ್ಥರ ಕೂಟದಿಂದ ಇಬ್ಬರಾದರೂ ಇರಲಿ, ಯಾಕೆಂದರೆ ಮೊಬೈಲಿನಲ್ಲಿ ಅರ್ಜಿ ಹಾಕುವ ಕೆಲಸ ಬಹಳ ಇರುತ್ತದೆ. ಮತ್ತೆ, ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಇರಲೇಬೇಕು. ಮನೆಯೊಳಗಿನ ಕಷ್ಟವನ್ನು ಹೆಂಗಸರು ಹೆಂಗಸರ ಹತ್ತಿರವೇ ಹೇಳುವುದು.

ಇದಕ್ಕೊಂದು ಹಳೆಯ ಮಾದರಿ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ 20 ವರ್ಷದ ವಿದ್ಯಾರ್ಥಿ ಕೆಲವೇ ಗೆಳೆಯರ ಜೊತೆ ಬಡವರ ಮನೆಗೆ ಹೋಗಿ ಬರಲು ಶುರು ಮಾಡಿದ. ಅದೇ ಇವತ್ತಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ನಮ್ಮ ರಾಜ್ಯದ ಎಷ್ಟೋ ಕಥೋಲಿಕ ಚರ್ಚುಗಳಲ್ಲಿ ಇದರ ಘಟಕಗಳಿವೆ. ಅವರ ಪದ್ಧತಿ ಸರಳ. ತಪ್ಪದೆ ಸೇರಬೇಕು, ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಬೇಕು, ಕೂಟದ ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಊರಿನಲ್ಲಿ ಅವರ ಘಟಕ ಇದ್ದರೆ, ನೀವು ಬೇರೆ ಸಭೆಯವರಾದರೂ ಸರಿ, ಒಂದು ದಿನ ಹೋಗಿ ಕೂತು ನೋಡಿ ಬನ್ನಿ. ಹೊಸದಾಗಿ ಏನನ್ನೂ ಕಂಡುಹಿಡಿಯುವ ಅಗತ್ಯ ಬೀಳುವುದಿಲ್ಲ.

ಎಷ್ಟು ದೂರ, ಯಾವ ಮನೆ?

ಚರ್ಚಿನ ಬಾಗಿಲಿನಿಂದ ನಡೆದು ಹೋಗುವಷ್ಟು ದೂರ ಮಾತ್ರ ಇಟ್ಟುಕೊಳ್ಳಿ. ಒಂದೂವರೆ, ಎರಡು ಕಿಲೋಮೀಟರ್. ದೂರದ ಹಳ್ಳಿಗೆ ವ್ಯಾನ್ ಮಾಡಿಕೊಂಡು ಹೋಗಿ ಬರುವುದು ಖುಷಿಯ ಕೆಲಸ, ಆದರೆ ಮಧ್ಯರಾತ್ರಿ ಆ ಮನೆಯವರಿಗೆ ಎದೆನೋವು ಬಂದರೆ ನೀವು ಅಲ್ಲಿರುವುದಿಲ್ಲ.

ಕಷ್ಟ ಎಲ್ಲಿದೆ ಎಂದು ತಿಳಿಯಲು ಸರ್ವೆ ಫಾರಂ ಹಿಡಿದು ಬೀದಿ ಸುತ್ತಬೇಡಿ. ಮೊದಲು ಆಶಾ ಕಾರ್ಯಕರ್ತೆಯನ್ನು ಭೇಟಿಯಾಗಿ. ಸುಮಾರು 1000 ಜನಸಂಖ್ಯೆಗೆ ಒಬ್ಬರು ಆಶಾ ಅಕ್ಕ ಇರುತ್ತಾರೆ, ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರು ಎಂಬುದು ಅವರಿಗೆ ಬಾಯಿಪಾಠ. ಆಮೇಲೆ ಅಂಗನವಾಡಿ ಟೀಚರ್. ಆಮೇಲೆ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್, ಯಾವ ಮಗು ವಾರಕ್ಕೆ ಮೂರು ದಿನ ಬರುತ್ತಿಲ್ಲ ಎಂದು ಅವರು ಹೇಳುತ್ತಾರೆ. ನ್ಯಾಯಬೆಲೆ ಅಂಗಡಿಯವರು, ಮೂಲೆಯ ಮೆಡಿಕಲ್ ಸ್ಟೋರಿನವರು ಕೂಡ ಬಹಳ ಕಂಡಿರುತ್ತಾರೆ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಮೂರು ಮಾತ್ರೆ ಕತ್ತರಿಸಿ ಕೊಡಿ ಎನ್ನುವವರು ಯಾರು ಎಂದು ಅವರಿಗೆ ಗೊತ್ತು. ಮಂಗಳೂರು ಕಡೆಯ ಕಥೋಲಿಕ ಚರ್ಚುಗಳಲ್ಲಾದರೆ ವಾರ್ಡಿಗೊಬ್ಬರು ಗುರ್ಕಾರ್, ಅಂದರೆ ವಾರ್ಡಿನ ಮುಖಂಡರು, ಇರುತ್ತಾರೆ, ಅವರನ್ನು ಕೇಳಿದರೆ ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ.

ಪಟ್ಟಿ ಮಾಡುವಾಗ ಒಂದು ಎಚ್ಚರ. "ನಮ್ಮವರು ಮೊದಲು" ಎನ್ನುವ ಮಾತು ಬಂದೇ ಬರುತ್ತದೆ. ಸಭೆಯ ಸದಸ್ಯರಲ್ಲೇ ಕಷ್ಟದಲ್ಲಿರುವವರು ಇದ್ದಾರೆ, ಅವರನ್ನು ಬಿಡಬಾರದು, ನಿಜ. ಆದರೆ ಪಟ್ಟಿ ಅಲ್ಲಿಗೇ ನಿಂತರೆ ಅದು ಸಂಘದ ಕ್ಷೇಮನಿಧಿ ಆಗುತ್ತದೆ, ಊರಿನ ಸೇವೆ ಆಗುವುದಿಲ್ಲ. ಕ್ರೈಸ್ತರ ಮೊಟ್ಟಮೊದಲ ಸಭೆಯಲ್ಲೇ ಈ ಜಗಳ ಆಗಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಅಪೊಸ್ತಲರು ಬುದ್ಧಿ ಹೇಳಿ ಕಳಿಸಲಿಲ್ಲ, ಹಂಚುವುದಕ್ಕೆಂದೇ ಏಳು ಜನರನ್ನು ಆರಿಸಿದರು. ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ತಿಂಗಳಿಗೊಮ್ಮೆ ಕೇಳುವ ಅಭ್ಯಾಸ ನಿಮ್ಮ ತಂಡಕ್ಕೂ ಇರಲಿ. ಜಾತಿ, ಧರ್ಮ, ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರು, ಹೀಗೆ ಯಾವ ಗುಂಪು ನಮ್ಮ ಕಣ್ಣಿಗೆ ಬೀಳುತ್ತಲೇ ಇಲ್ಲ?

ಮೊದಲ ಆರು ತಿಂಗಳಿಗೆ ಹತ್ತು ಮನೆ ದಾಟಬೇಡಿ. ಹನ್ನೊಂದನೆಯವರಿಗೆ ಇಲ್ಲ ಎನ್ನುವುದು ಕಷ್ಟ, ಆದರೂ ಬೇಡ.

ಮನೆಗೆ ಹೋಗುವುದು

ಇಡೀ ಕೆಲಸದ ಬೆನ್ನೆಲುಬು ಇದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಯಾವಾಗಲೂ ಇಬ್ಬರೇ ಹೋಗಿ, ಐದಾರು ಜನ ನುಗ್ಗಬೇಡಿ. ಅದರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಮೊದಲ ಸಲ ಆ ಮನೆಗೆ ಪರಿಚಯ ಇರುವವರ ಜೊತೆ ಹೋಗಿ, ಆಶಾ ಅಕ್ಕ ಬಂದರೆ ತುಂಬ ಒಳ್ಳೆಯದು. ಕೂಲಿಗೆ ಹೋಗುವವರ ಮನೆಗೆ ಬೆಳಿಗ್ಗೆ ಹತ್ತಕ್ಕೆ ಹೋದರೆ ಬೀಗ ಇರುತ್ತದೆ. ಸಂಜೆ ಆರರ ಮೇಲೆ, ಇಲ್ಲ ಭಾನುವಾರ ಮಧ್ಯಾಹ್ನ. ಅಡುಗೆ ಹೊತ್ತಲ್ಲಿ ಹೋಗಬೇಡಿ, ಇರುವ ಅನ್ನದಲ್ಲೇ ನಿಮಗೂ ಬಡಿಸಬೇಕಲ್ಲ ಎಂದು ಅವರಿಗೆ ಸಂಕಟ ಆಗುತ್ತದೆ.

ಮೊದಲ ಭೇಟಿಗೆ ಕಿಟ್ ಹಿಡಿದು ಹೋಗಬೇಡಿ. ಕೈಯಲ್ಲಿ ಚೀಲ ಕಂಡರೆ ಮಾತು ಚೀಲದ ಸುತ್ತಲೇ ತಿರುಗುತ್ತದೆ. ಬೇಕಿದ್ದರೆ ನಾಲ್ಕು ಬಾಳೆಹಣ್ಣು ಒಯ್ಯಿರಿ, ಯಾರ ಮನೆಗಾದರೂ ಹೋಗುವಾಗ ಒಯ್ಯುವ ಹಾಗೆ. ಚಾಪೆ ಹಾಸಿದರೆ ಚಾಪೆಯ ಮೇಲೆ ಕೂತುಕೊಳ್ಳಿ. ಟೀ ಕೊಟ್ಟರೆ ಕುಡಿಯಿರಿ. "ಬೇಡ ಅಮ್ಮಾ, ತೊಂದರೆ ಬೇಡ" ಎಂದು ನಾವು ಮರ್ಯಾದೆಗೆ ಹೇಳುತ್ತೇವೆ, ಆದರೆ ಕೊಡುವುದಕ್ಕೆ ಅವರ ಹತ್ತಿರವೂ ಏನೋ ಇದೆ ಎಂಬುದನ್ನು ನಾವು ಒಪ್ಪಿಕೊಳ್ಳುವುದು ಆ ಲೋಟ ಕೈಗೆ ತೆಗೆದುಕೊಂಡಾಗಲೇ.

"ನಿಮಗೆ ಏನು ಬೇಕು?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಜನ ನೀವು ಕೊಡಬಹುದಾದ್ದನ್ನೇ ಹೇಳುತ್ತಾರೆ, ಅಕ್ಕಿ, ಸೀರೆ, ಕಂಬಳಿ. ಅದರ ಬದಲು ದಿನ ಹೇಗೆ ಸಾಗುತ್ತದೆ ಎಂದು ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ರೇಷನ್ ಯಾರು ತರುತ್ತಾರೆ? ರಾತ್ರಿ ಯಾರಾದರೂ ಜೊತೆ ಇರುತ್ತಾರಾ? ಬಿಪಿ ಮಾತ್ರೆ ಎಲ್ಲಿಂದ?

ಒಂದು ಮನೆಯ ಮಾತು ಹೇಳುತ್ತೇನೆ, ಗುರುತು ಬೇಡ. ಎಪ್ಪತ್ತು ದಾಟಿದ ಅಜ್ಜಿ, ಒಬ್ಬರೇ ಇರುವುದು. ಎಲ್ಲರೂ ಅವರಿಗೆ ಅಕ್ಕಿ ಕೊಡುತ್ತಿದ್ದರು. ಮಾತಾಡುತ್ತಾ ಕೂತಾಗ ಗೊತ್ತಾಯಿತು, ಅವರಿಗೆ ಬಿಪಿಎಲ್ ಕಾರ್ಡ್ ಇದೆ, ಅಂಗಡಿಗೂ ಹೋಗುತ್ತಾರೆ, ಆದರೆ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ತೆಗೆದುಕೊಳ್ಳುವುದಿಲ್ಲ. ಜೀವನವಿಡೀ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಬೆರಳಿನ ಗೆರೆಯೇ ಸವೆದುಹೋಗಿದೆ. ಕೈ ತೊಳೆದು ಬನ್ನಿ, ನಾಳೆ ಬನ್ನಿ, ಸರ್ವರ್ ಇಲ್ಲ, ಹೀಗೆ ತಿರುಗಿ ತಿರುಗಿ ಅವರು ಹೋಗುವುದನ್ನೇ ಬಿಟ್ಟಿದ್ದರು. ಅವರಿಗೆ ಬೇಕಿದ್ದದ್ದು ತಾಲೂಕು ಕಚೇರಿಯ ಆಹಾರ ಶಾಖೆಗೆ ಜೊತೆಯಲ್ಲಿ ಬಂದು, ಫುಡ್ ಇನ್‌ಸ್ಪೆಕ್ಟರ್ ಎದುರು ನಿಂತು, "ಇವರ ಬೆರಳು ಬರ್ತಿಲ್ಲ ಸರ್, ಬೇರೆ ದಾರಿ ಮಾಡಿಕೊಡಿ" ಎನ್ನುವ ಒಬ್ಬ ಮನುಷ್ಯ. ನಾವು ವರ್ಷಗಟ್ಟಲೆ ಅಕ್ಕಿ ಹೊತ್ತು ಹಾಕಿದ್ದರೂ ಈ ಸಂಗತಿ ಹೊರಗೆ ಬರುತ್ತಿರಲಿಲ್ಲ.

ಭೇಟಿ ಮುಗಿಸಿ ಹೊರಡುವಾಗ ಏನನ್ನೂ ಮಾತು ಕೊಡಬೇಡಿ. "ನೋಡೋಣ ಅಮ್ಮಾ, ಮುಂದಿನ ವಾರ ಬರ್ತೀವಿ" ಅಷ್ಟು ಹೇಳಿ, ಮುಂದಿನ ವಾರ ಹೋಗಿ. ಬರುತ್ತೇನೆಂದ ದಿನ ಹೋಗದಿದ್ದರೆ ಅಲ್ಲಿಗೆ ನಂಬಿಕೆ ಮುಗಿಯಿತು. ಮನೆಯಿಂದ ಸ್ವಲ್ಪ ದೂರ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅವರ ಎದುರಲ್ಲೇ ಬರೆದರೆ ವಿಚಾರಣೆ ಮಾಡುತ್ತಿದ್ದಾರೆ ಅನಿಸುತ್ತದೆ. ಆ ನೋಟ್‌ಬುಕ್ ತಂಡದವರ ಹತ್ತಿರ ಮಾತ್ರ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಯ ಕಥೆಯನ್ನೂ ಹಾಕಬೇಡಿ, "ಪ್ರಾರ್ಥನೆಗಾಗಿ" ಎಂದು ಕೂಡ ಹಾಕಬೇಡಿ.

ಕಾಗದಪತ್ರ: ಯಾರೂ ಮಾಡದ, ಎಲ್ಲರಿಗೂ ಬೇಕಾದ ಕೆಲಸ

ನನ್ನನ್ನು ಕೇಳಿದರೆ, ಒಂದು ಸಭೆ ಬೇರೆ ಏನೂ ಮಾಡದೆ ಇದೊಂದನ್ನೇ ಮಾಡಿದರೂ ಸಾಕು. ನಿಮ್ಮ 800 ರೂಪಾಯಿಯ ಕಿಟ್ ಹದಿನೈದು ದಿನಕ್ಕೆ ಮುಗಿಯುತ್ತದೆ. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಪೆನ್ಷನ್ ಮಾಡಿಸಿಕೊಟ್ಟರೆ ತಿಂಗಳಿಗೆ 1200 ರೂಪಾಯಿ ಬರುತ್ತಲೇ ಇರುತ್ತದೆ. 60ರಿಂದಲೇ ವೃದ್ಧಾಪ್ಯ ವೇತನ ಇದೆ, ವಿಧವಾ ವೇತನ ಇದೆ, ಅಂಗವಿಕಲರ ವೇತನ ಇದೆ, ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2000 ಇದೆ. ಇವೆಲ್ಲ ಇದ್ದೂ ಬಾರದಿರುವ ಮನೆ ನಿಮ್ಮ ಹತ್ತರಲ್ಲಿ ಇದ್ದೇ ಇರುತ್ತದೆ.

ಹೀಗೆ ಮಾಡಿ. ಪ್ರತಿ ಮನೆಯಲ್ಲೂ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮೂರನ್ನೂ ಎದುರಿಗಿಟ್ಟುಕೊಂಡು ನೋಡಿ. ಹೆಸರು ಮೂರರಲ್ಲೂ ಒಂದೇ ಥರ ಇದೆಯಾ? ಒಂದರಲ್ಲಿ ಮೇರಿಯಮ್ಮ, ಇನ್ನೊಂದರಲ್ಲಿ ಮರಿಯಮ್ಮ ಎಂದಿದ್ದರೆ ಮೊದಲು ಅದನ್ನೇ ಸರಿಮಾಡಿಸಬೇಕು. ಹುಟ್ಟಿದ ವರ್ಷ ಆಧಾರ್‌ನಲ್ಲಿ ಸುಮ್ನೆ ಅಂದಾಜಿಗೆ ಹಾಕಿರುತ್ತಾರೆ, 68 ವಯಸ್ಸಿನವರಿಗೆ ಅದರಲ್ಲಿ 61 ಇರುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ಇದೆಯಾ? ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಪೆನ್ಷನ್ ಬರುತ್ತಿದ್ದದ್ದು ನಿಂತಿದೆ ಎಂದರೆ ಹೆಚ್ಚಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುತ್ತದೆ, ಬ್ಯಾಂಕಿನಲ್ಲಿ "ಎನ್‌ಪಿಸಿಐ ಮಾಡಿಸಬೇಕು" ಎಂದರೆ ಅವರಿಗೆ ಅರ್ಥವಾಗುತ್ತದೆ. ಎರಡು ಮೂರು ಖಾತೆ ಇದ್ದವರಿಗೆ ದುಡ್ಡು ಅವರು ಮರೆತ ಖಾತೆಗೆ ಹೋಗಿ ಬಿದ್ದಿರುವುದೂ ಉಂಟು. ಹಾಗಾಗಿ ಎಲ್ಲ ಪಾಸ್‌ಬುಕ್ಕಿಗೂ ಎಂಟ್ರಿ ಹಾಕಿಸಿ ನೋಡಿ.

ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಹಳ್ಳಿಯಲ್ಲಿ ಗ್ರಾಮ ಒನ್, ಊರಿನಲ್ಲಿ ಕರ್ನಾಟಕ ಒನ್ ಕೂಡ ಇವೆ. ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದರು) ಮನೆ ನೋಡಲು ಬರುತ್ತಾರೆ, ಆ ದಿನ ಮನೆಯವರು ಇರುವಂತೆ ನೋಡಿಕೊಳ್ಳಿ. ಯಾರಾದರೂ ನಡುವೆ ಬಂದು ಇಷ್ಟು ಕೊಟ್ಟರೆ ಬೇಗ ಮಾಡಿಸುತ್ತೇನೆ ಎಂದರೆ ಸಭೆಯ ದುಡ್ಡಲ್ಲಿ ಒಂದು ರೂಪಾಯಿಯೂ ಕೊಡಬೇಡಿ.

ಅಂಗವಿಕಲರಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡ್ ಮೊದಲು. ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆ ಆಗಬೇಕು, ಒಂದೇ ದಿನಕ್ಕೆ ಆಗುವುದಿಲ್ಲ, ಆಟೊ ಖರ್ಚು ಬರುತ್ತದೆ. ಸಭೆಯ ದುಡ್ಡು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಸಾಮಾನ್ಯವಾಗಿ ಅಂಗವಿಕಲರೇ, ದಾರಿ ಎಲ್ಲ ಗೊತ್ತಿರುತ್ತದೆ.

ಆಸ್ಪತ್ರೆಯ ವಿಷಯಕ್ಕೆ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಪತ್ರ ತರಬೇಕು. ಇದು ಗೊತ್ತಿಲ್ಲದೆ ಜನ ನೇರ ಖಾಸಗಿ ಆಸ್ಪತ್ರೆಗೆ ಸೇರಿ, ಆಮೇಲೆ ಬಿಲ್ ಕಟ್ಟಲು ಸಭೆಗೆ ಬರುತ್ತಾರೆ. ಎಲ್ಲ ಮನೆಗಳಿಗೂ ಇದನ್ನು ಮೊದಲೇ ಹೇಳಿಡಿ. ಬಿಪಿ, ಸಕ್ಕರೆ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತ. ಅಲ್ಲಿ ಸಿಗದಿದ್ದರೆ ಜನೌಷಧಿ ಅಂಗಡಿ.

ಕಿಟ್ ಮತ್ತು ಊಟ

ಕಿಟ್ ಕೊಡಲೇಬೇಕಾದ ಮನೆ ಕೆಲವು ಇವೆ. ಕಾರ್ಡ್ ಇಲ್ಲದವರು, ದುಡಿಯುವವರು ಹಾಸಿಗೆ ಹಿಡಿದ ಮನೆ, ಬೇರೆ ರಾಜ್ಯದಿಂದ ಬಂದವರು. ಬಿಪಿಎಲ್ ಮನೆಗೆ ಅಕ್ಕಿ ಹೇಗೂ ಬರುತ್ತದೆ, ಅದರ ಮೇಲೆ ಅಕ್ಕಿಯೇ ಹೇರಬೇಡಿ. ತೊಗರಿಬೇಳೆ, ಎಣ್ಣೆ, ಖಾರದಪುಡಿ, ಹುಣಸೆ, ಸಕ್ಕರೆ, ಟೀಪುಡಿ, ಬಟ್ಟೆ ಸೋಪು, ಮೈಸೋಪು, ಪ್ಯಾಡ್. ಹಳೇ ಮೈಸೂರು ಕಡೆ ರಾಗಿ ಹಿಟ್ಟು ಕೊಟ್ಟರೆ ಖುಷಿಪಡುತ್ತಾರೆ. ಹೆಣ್ಣುಮಕ್ಕಳಿರುವ ಮನೆಗೆ ಪ್ಯಾಡ್ ಕೊಡುವುದನ್ನು ಕಮಿಟಿಯ ಗಂಡಸರು ಮರೆಯುತ್ತಾರೆ, ಅದಕ್ಕೇ ಮೇಲೆ ಹೇಳಿದ್ದು ತಂಡದಲ್ಲಿ ಹೆಂಗಸರು ಜಾಸ್ತಿ ಇರಲಿ ಎಂದು. ಕಿಟ್ಟನ್ನು ಮನೆಗೇ ಒಯ್ದು ಕೊಡಿ, ಮಾಮೂಲಿ ಬಟ್ಟೆ ಚೀಲದಲ್ಲಿ, ಸಭೆಯ ಹೆಸರು ಅಚ್ಚು ಹಾಕಿಸಬೇಡಿ. ಬೀದಿಯವರಿಗೆಲ್ಲ ಗೊತ್ತಾಗುವ ಹಾಗೆ ಅವರು ಆ ಚೀಲ ಹಿಡಿದು ಯಾಕೆ ನಡೆಯಬೇಕು?

ಅಕ್ಕಿ ಕೂಡಿಸಲು ನಮ್ಮ ಸಭೆಗಳಲ್ಲಿ ಒಳ್ಳೆಯ ಪದ್ಧತಿ ಇದೆ, ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಡಬ್ಬಿಗೆ. ಮಿಜೋರಾಂನ ಸಭೆಗಳು ಇದನ್ನೇ ನೂರು ವರ್ಷಕ್ಕೂ ಮೇಲ್ಪಟ್ಟು ಮಾಡಿಕೊಂಡು ಬಂದು ದೊಡ್ಡ ದೊಡ್ಡ ಕೆಲಸ ಕಟ್ಟಿವೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದದ್ದರ ಒಂದು ಪಾಲನ್ನೂ ಈ ಕೆಲಸಕ್ಕೆ ಕೇಳಿ.

ಊಟದ ಸೇವೆ ಮಾಡುವುದಾದರೆ ಜಿಲ್ಲಾ ಅಥವಾ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ. ರೋಗಿಗೆ ಒಳಗೆ ಊಟ ಸಿಗುತ್ತದೆ, ಜೊತೆಗೆ ಬಂದವರು ಬನ್ನು ಟೀಯಲ್ಲಿ ದಿನ ಕಳೆಯುತ್ತಿರುತ್ತಾರೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅದು ತೆರೆದಿರದ ಹೊತ್ತು ಯಾವುದು ನೋಡಿ, ಆ ಹೊತ್ತಿಗೆ ನೀವು ಹೋಗಿ. ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಿಂದ ಲಿಖಿತ ಅನುಮತಿ ಪಡೆದುಕೊಳ್ಳಿ. ಐವತ್ತು ಜನರಿಗೆ ಅನ್ನ ಸಾಂಬಾರ್ ಎಂದರೆ ಐದಾರು ಕಿಲೋ ಅಕ್ಕಿ, ಎರಡು ಕಿಲೋ ಬೇಳೆ, ನಾಲ್ಕೈದು ಕಿಲೋ ತರಕಾರಿ. ಒಲೆಯಿಂದ ಇಳಿಸಿ ಬಿಸಿಬಿಸಿಯಾಗಿಯೇ ಮುಚ್ಚಿಡುವ ಪಾತ್ರೆಗೆ ಹಾಕಿ, ಇಳಿಸಿದ ಹೊತ್ತಿನಿಂದ ನಾಲ್ಕು ತಾಸಿನೊಳಗೆ ಬಡಿಸಿ ಮುಗಿಸಿ. ಅನ್ನ ಬೆಚ್ಚಗಿನ ಸ್ಥಿತಿಯಲ್ಲಿ ತುಂಬ ಹೊತ್ತು ಕೂತರೆ ಕೆಡುತ್ತದೆ, ವಾಸನೆ ಬರದಿದ್ದರೂ ಕೆಟ್ಟಿರಬಹುದು. ಕಾಯಿ ಚಟ್ನಿ ಬೇಡವೇ ಬೇಡ, ಉಪ್ಪಿನಕಾಯಿ ಸಾಕು. ಮದುವೆ ಮನೆಯಲ್ಲಿ ಉಳಿದದ್ದನ್ನು ತಂದು ಹಂಚುವುದಾದರೆ ಎಷ್ಟು ಹೊತ್ತಿಗೆ ಮಾಡಿದ ಅಡುಗೆ ಎಂದು ಭಟ್ಟರನ್ನೇ ಕೇಳಿ, ಅನುಮಾನ ಬಂದರೆ ಬಿಟ್ಟುಬಿಡಿ. ವಾರಕ್ಕೆ ಒಂದು ದಿನ ಸಾಕು. ಆ ದಿನ ತಪ್ಪಬಾರದು.

ದುಡ್ಡಿನ ವಿಷಯ

ಈ ನಿಧಿಗೆ ಬೇರೆಯೇ ಪುಸ್ತಕ ಇಡಿ, ಸಭೆಯ ಸಾಮಾನ್ಯ ಕಾಣಿಕೆಯ ಜೊತೆ ಬೆರೆಸಬೇಡಿ. ಡಬ್ಬಿ ತೆರೆಯುವಾಗ ಸಂಬಂಧಿಕರಲ್ಲದ ಇಬ್ಬರು ಎಣಿಸಲಿ, ಇಬ್ಬರೂ ಸಹಿ ಹಾಕಲಿ. ಪ್ರತಿ ತಿಂಗಳ ಲೆಕ್ಕ ನೋಟಿಸ್ ಬೋರ್ಡಿಗೆ ಹೋಗಲಿ, ಕುಟುಂಬಗಳ ಹೆಸರಿಲ್ಲದೆ: ಔಷಧಿಗೆ ಇಷ್ಟು, ಆಟೊಗೆ ಇಷ್ಟು, ಸ್ಕೂಲಿಗೆ ಇಷ್ಟು. ಲೆಕ್ಕ ಕಂಡರೆ ಜನ ಕೊಡುತ್ತಾರೆ.

ಆದಷ್ಟು ನಗದು ಕೈಗೆ ಕೊಡುವುದು ಬೇಡ. ಮೆಡಿಕಲ್ ಸ್ಟೋರಿಗೆ, ಸ್ಕೂಲಿಗೆ, ಬಸ್ ಪಾಸಿಗೆ ನೇರ ಕಟ್ಟಿ. ಹಾಗಂತ ಎಲ್ಲ ಕಡೆ ಇದೇ ನಿಯಮ ಹಿಡಿಯಬೇಡಿ. ಮನೆಯಲ್ಲಿ ಸಾವಾಗಿದೆ, ರಾತ್ರಿ ಹನ್ನೊಂದಾಗಿದೆ ಎಂದರೆ ರಸೀದಿ ಕೇಳುತ್ತಾ ಕೂರುವುದಲ್ಲ. ಇಂಥದ್ದಕ್ಕೆ ತಂಡದ ಮುಖ್ಯಸ್ಥರ ಹತ್ತಿರ ಎರಡು ಮೂರು ಸಾವಿರ ಇರಲಿ, ಆಮೇಲೆ ಸಭೆಗೆ ತಿಳಿಸಿದರೆ ಸಾಕು. ಸಾಲ ಎಂದು ಕೊಡಲೇಬೇಡಿ. ಸಾಲ ತೀರಿಸಲಾಗದವರು ನಾಚಿಕೊಂಡು ಚರ್ಚಿನ ಬೀದಿಗೇ ಬರುವುದನ್ನು ಬಿಡುತ್ತಾರೆ.

ಕುವೈತ್, ದುಬೈಯಲ್ಲಿರುವ ನಮ್ಮ ಮಕ್ಕಳು ಕಳಿಸುತ್ತೇವೆ ಎನ್ನುತ್ತಾರೆ. ಇಲ್ಲಿ ಎಫ್‌ಸಿಆರ್‌ಎ ಕಾನೂನು, ಅಂದರೆ ವಿದೇಶಿ ದೇಣಿಗೆ ನಿಯಂತ್ರಣದ ಕಾನೂನು, ನೆನಪಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಅಮೆರಿಕದ, ಬ್ರಿಟನ್ನಿನ ಪೌರತ್ವ ಪಡೆದವರಿಂದ, ಅವರು ನಿಮ್ಮ ಅಕ್ಕನ ಮಗನೇ ಆಗಿರಲಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಭೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಯಾರದೋ ವೈಯಕ್ತಿಕ ಖಾತೆಗೆ ಹಾಕಿಸಿಕೊಂಡು ಸಭೆಗೆ ಖರ್ಚು ಮಾಡುವ ಉಪಾಯ ಹೇಳುವವರು ಇರುತ್ತಾರೆ, ಕೇಳಬೇಡಿ. ಡಯಾಸಿಸ್‌ನ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಪ್ರಾರ್ಥನೆ, ಫೋಟೊ, ಮತ್ತು ಊರಿನ ಅನುಮಾನ

ಇದನ್ನು ಮುಚ್ಚುಮರೆ ಇಲ್ಲದೆ ಮಾತಾಡಬೇಕು. ಕ್ರೈಸ್ತರು ಸಹಾಯ ಮಾಡಿದರೆ "ಮತಾಂತರಕ್ಕೆ" ಎನ್ನುವವರು ಇದ್ದಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಹಣ, ಉದ್ಯೋಗ ಇವೆಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿದ್ದರು. ಆದರೆ ಕಾಯ್ದೆಗೆ ಹೆದರಿ ಅಲ್ಲ, ನಮ್ಮ ನಂಬಿಕೆಯ ಕಾರಣಕ್ಕೇ ಸಹಾಯಕ್ಕೆ ಯಾವ ಷರತ್ತೂ ಇರಬಾರದು. ಹಸಿದವರಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಎಂದ ಪ್ರಭು, ಅವರು ಯಾವ ಧರ್ಮದವರು ಎಂದು ಕೇಳಲಿಲ್ಲ.

ಹಾಗಾಗಿ ಕಿಟ್ಟಿನಲ್ಲಿ ಕರಪತ್ರ ಇಡಬೇಡಿ. ಆರಾಧನೆಗೆ ಬಂದರೆ ಕೊಡುತ್ತೇವೆ ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಬೇರೆ ಧರ್ಮದವರ ಮನೆಯಲ್ಲಿ ಅವರಾಗಿ ಕೇಳದೆ ಪ್ರಾರ್ಥನೆ ಶುರು ಮಾಡಬೇಡಿ. ನಿಮ್ಮ ಪ್ರಾರ್ಥನೆಯನ್ನು ಹೊರಡುವ ಮುಂಚೆ ಚರ್ಚಿನಲ್ಲೇ ಮುಗಿಸಿಕೊಂಡು ಹೋಗಿ. ಯಾರು ನೀವು ಎಂದು ಕೇಳಿದರೆ ನೇರವಾಗಿ ಸಭೆಯ ಹೆಸರು ಹೇಳಿ, ಮುಚ್ಚಿಡುವುದು ಏನೂ ಇಲ್ಲ. ವಾರ್ಡಿನ ಸದಸ್ಯರಿಗೆ, ಬೀಟ್ ಪೊಲೀಸರಿಗೆ ಕೆಲಸದ ಬಗ್ಗೆ ಮೊದಲೇ ತಿಳಿಸಿಡಿ. ಹತ್ತಿರದ ದೇವಸ್ಥಾನದ ದಾಸೋಹ ಸಮಿತಿ, ಮಸೀದಿ ಕಮಿಟಿ ಇದೇ ಕೆಲಸ ಮಾಡುತ್ತಿದ್ದರೆ ಅವರ ಜೊತೆ ಕೂತು ಮಾತಾಡಿ, ಒಂದೇ ಮನೆಗೆ ಮೂವರು ಕೊಟ್ಟು ಪಕ್ಕದ ಮನೆ ಖಾಲಿ ಉಳಿಯುವುದು ತಪ್ಪುತ್ತದೆ.

ಫೋಟೊ ಬೇಡ. ಕೊಡುವ ಕೈ, ತೆಗೆದುಕೊಳ್ಳುವ ಮುಖ, ಇಂಥ ಒಂದು ಫೋಟೊವೂ ಬೇಡ. ಎಡಗೈಗೂ ತಿಳಿಯದಂತೆ ಕೊಡು ಎಂದ ಮೇಲೆ ಫೇಸ್‌ಬುಕ್ಕಿಗೆ ತಿಳಿಸುವುದು ಯಾಕೆ? ದಾನಿಗಳಿಗೆ ತೋರಿಸಬೇಕಿದ್ದರೆ ಕಟ್ಟಿಟ್ಟ ಚೀಲಗಳ, ರಸೀದಿಗಳ ಫೋಟೊ ಕಳಿಸಿ.

ನಮ್ಮ ಕೈಮೀರಿದ ವಿಷಯ

ಮನೆಗೆ ಹೋಗಿ ಬರುತ್ತಿದ್ದರೆ ಒಂದಲ್ಲ ಒಂದು ದಿನ ಕಾಣಬಾರದ್ದು ಕಾಣುತ್ತದೆ. ಏಟು ತಿಂದ ಹೆಂಗಸು, ಹೆದರಿ ಮೂಲೆಯಲ್ಲಿ ಕೂತ ಮಗು, ಊಟ ಹಾಕದೆ ಹೊರಗೆ ಮಲಗಿಸಿದ ತಂದೆ. ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. "ಹೊಂದಿಕೊಂಡು ಹೋಗಮ್ಮಾ" ಎಂದು ಪ್ರಾರ್ಥನೆ ಮಾಡಿ ಬರುವುದಂತೂ ಕೂಡದು. ತಂಡದ ಎಲ್ಲರ ಫೋನಿನಲ್ಲೂ ಈ ನಂಬರುಗಳು ಇರಲಿ: ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಉಚಿತ ಕಾನೂನು ನೆರವಿಗೆ 15100, ತುರ್ತಿಗೆ 112, ಆಂಬುಲೆನ್ಸ್‌ಗೆ 108. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಮಕ್ಕಳ ವಿಷಯದಲ್ಲಿ ಒಂದಿಷ್ಟೂ ಸಡಿಲ ಬೇಡ. ಸಂಜೆ ಪಾಠ ಹೇಳಿಕೊಡುತ್ತೀರಾ? ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು, ಯಾರೂ ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಮನೆಗೆ ಬಿಡುವ ಹಾಗಿಲ್ಲ. ಹಿರಿಯರು, ದೈವಭಕ್ತರು ಎಂದು ಯಾರಿಗೂ ವಿನಾಯಿತಿ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಲ್ಲಿ ಕಡ್ಡಾಯ. ಆರೋಪ ಸಭೆಯವರ ಮೇಲೇ ಬಂದಿದ್ದರೂ ಅಷ್ಟೇ. ಕಮಿಟಿಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಇದಲ್ಲ.

ವರ್ಷದ ಓಟ

ವಾರಕ್ಕೊಮ್ಮೆ ತಂಡ ಸೇರಲಿ, ಒಂದು ಗಂಟೆ ಸಾಕು. ಪ್ರತಿ ಮನೆಯ ಬಗ್ಗೆ ಎರಡು ನಿಮಿಷ. ಹೋಗಿದ್ದು ಯಾರು, ಏನು ಬದಲಾಯಿತು, ಮುಂದೆ ಏನು. ಒಂದೇ ಜೋಡಿ ವರ್ಷವಿಡೀ ಒಂದೇ ಮನೆಗೆ ಹೋಗುವುದು ಒಳ್ಳೆಯದು, ಆದರೆ ದಣಿದವರಿಗೆ ಎರಡು ತಿಂಗಳು ರಜೆ ಕೊಡಿ, ಅವರು ಕೇಳುವ ಮುಂಚೆಯೇ ಕೊಡಿ.

ದುಡ್ಡನ್ನು ಡಿಸೆಂಬರಿನಲ್ಲಿ ಕೂಡಿಸಿ, ಜೂನಿಗೆ ಉಳಿಸಿ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಸಿಗುತ್ತದೆ, ನೋಟ್‌ಬುಕ್, ಬ್ಯಾಗು, ಕೊಡೆ, ಬಸ್ ಪಾಸ್ ಸಿಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಎಲ್ಲ ಮನೆಗಳ ಛಾವಣಿ ನೋಡಿ ಬನ್ನಿ. ನಾಲ್ಕು ಹೆಂಚು ಬದಲಿಸಿ ಒಂದು ಟಾರ್ಪಾಲ್ ಹೊದಿಸಲು ಯೌವನಸ್ಥರಿಗೆ ಒಂದು ಶನಿವಾರ ಸಾಕು.

ದುಡಿಯಬಲ್ಲವರಿಗೆ ದುಡಿಮೆ ಹುಡುಕಿಕೊಡುವುದು ಎಲ್ಲಕ್ಕಿಂತ ನಿಧಾನದ ಕೆಲಸ, ಆದರೂ ಬಿಡಬೇಡಿ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದಾಗ, ಜಾತಿಯಿಂದ ಹೊರಬಿದ್ದು ಕೆಲಸ ಕಳೆದುಕೊಂಡವರಿಗೆ ಸಂಬಳ ಸಿಗುವಂತಾಯಿತು. ನಮಗೆ ಕಾರ್ಖಾನೆ ಆಗದು. ಹೊಲಿಗೆ ಯಂತ್ರ ಆಗುತ್ತದೆ, ಆದರೆ ಯಂತ್ರ ಕೊಡುವ ಮುಂಚೆ ಅವರಿಗೆ ಹೊಲಿಗೆ ಬರುತ್ತದಾ, ಬಟ್ಟೆ ಕೊಡುವ ಹತ್ತು ಮನೆ ಸಿಗುತ್ತವಾ ಎಂದು ನೋಡಿ. ಸಭೆಯಲ್ಲೇ ಅಂಗಡಿ, ಗ್ಯಾರೇಜ್, ನರ್ಸಿಂಗ್ ಹೋಮ್ ಇಟ್ಟವರು ಇರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವರ ಕೈ ಹಿಡಿದು ನಿಲ್ಲಿಸಿ ಕೇಳಿ, "ಒಬ್ಬರಿಗೆ ಕೆಲಸ ಕೊಡ್ತೀರಾ ಅಣ್ಣಾ?"

ಆರು ತಿಂಗಳಿಗೊಮ್ಮೆ ಪಟ್ಟಿ ತೆಗೆದು ಕೂತುಕೊಳ್ಳಿ. ಪೆನ್ಷನ್ ಶುರುವಾಗಿದೆ, ಮಗನಿಗೆ ಕೆಲಸ ಸಿಕ್ಕಿದೆ ಎನ್ನುವ ಮನೆಗೆ ಕಿಟ್ ನಿಲ್ಲಿಸಬಹುದು. ನಿಲ್ಲಿಸುವ ವಿಷಯವನ್ನು ಎರಡು ತಿಂಗಳ ಮುಂಚೆಯೇ ಮನೆಯಲ್ಲಿ ಕೂತು ಹೇಳಿ, ಇದ್ದಕ್ಕಿದ್ದಂತೆ ಹೋಗದೆ ಇರಬೇಡಿ. ಕಿಟ್ ನಿಂತರೂ ತಿಂಗಳಿಗೊಮ್ಮೆ ಹೋಗಿ ಬರುವುದನ್ನು ಮುಂದುವರಿಸಿ. ಆಗ ಖಾಲಿಯಾದ ಜಾಗಕ್ಕೆ, ಅಷ್ಟು ದಿನ ಇಲ್ಲ ಎಂದಿದ್ದ ಹನ್ನೊಂದನೆಯ ಮನೆಯನ್ನು ಸೇರಿಸಿಕೊಳ್ಳಿ.